ಹೂತ ಗಾಡಿಗೆ ಎಂಥ ಹಗ್ಗ?

ಯಶವಂತಪುರದ ಗ್ಯಾರೇಜಿನಲ್ಲಿ 31 ವರ್ಷ ದುಡಿದು, ನಿಂತ ಗಾಡಿಗಳನ್ನು ಎಳೆದು ತರುವುದನ್ನೇ ಕಸುಬಾಗಿಸಿಕೊಂಡಿದ್ದ ನಿವೃತ್ತ ಮೆಕ್ಯಾನಿಕ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಳಚರಂಡಿ ಕೊಳವೆ ಹಾಕಿ ಮಣ್ಣು ಮುಚ್ಚಿದ್ದಾರೆ, ಡಾಂಬರು ಹಾಕಿಲ್ಲ. ಕಳೆದ ವಾರದ ಮಳೆಯಲ್ಲಿ ನನ್ನ ಎಸ್‌ಯುವಿಯ ಎಡಗಡೆಯ ಎರಡೂ ಚಕ್ರಗಳು ಅಲ್ಲಿ ಹೂತವು. ಪಕ್ಕದ ಮನೆಯವರು ನೈಲಾನ್ ಹಗ್ಗ ಕಟ್ಟಿ ತಮ್ಮ ಕಾರಿನಿಂದ ಜಗ್ಗಿದರು. ಮೊದಲ ಸಲ ಹಗ್ಗ ಕಡಿಯಿತು, ಎರಡನೆಯ ಸಲ ನನ್ನ ಬಂಪರ್ ಕಿತ್ತು ಬಂತು. ಎಸ್‌ಜೆಪಿ ರಸ್ತೆಯಲ್ಲಿ ಕ್ರೇನಿನವರು ಬಳಸುವ ಹಳದಿ ಬೆಲ್ಟ್ ಸಿಗುತ್ತದೆ, 3 ಟನ್ ತಡೆಯುತ್ತದೆ ಎನ್ನುತ್ತಾರೆ. ಅದನ್ನೇ ಕೊಳ್ಳಲೇ?
– ಓದುಗರು, ಹೊರಮಾವು

ಉತ್ತರ: ಎರಡು ಸಲ ಜಗ್ಗಿದರೂ ಹೋದದ್ದು ಬಂಪರ್ ಮಾತ್ರ, ಯಾರಿಗೂ ಪೆಟ್ಟಾಗಲಿಲ್ಲ ಎಂದು ತಿಳಿದು ಸಮಾಧಾನವಾಯಿತು. ಏಕೆಂದು ಮುಂದೆ ಹೇಳುತ್ತೇನೆ. ಮೊದಲು ಹಳದಿ ಬೆಲ್ಟಿನ ವಿಚಾರ.

ಅದು ಭಾರ ಎತ್ತುವುದಕ್ಕೆಂದು ನೇಯ್ದ ಪಾಲಿಯೆಸ್ಟರ್ ಬೆಲ್ಟ್. ಅದರ ತಾಕತ್ತನ್ನು ಬಣ್ಣವೇ ಹೇಳುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3. ಇದು ದಿನವೂ ಹೊರಿಸಬಹುದಾದ ಭಾರ. ಹೊಸ ಬೆಲ್ಟ್ ಕಡಿಯಬೇಕಾದರೆ ಅದರ ಸುಮಾರು ಏಳು ಪಟ್ಟು ಬೇಕು. ನಿಧಾನವಾಗಿ, ಒಂದೇ ಸಮನೆ ಎಳೆಯುವುದಾದರೆ ಧಾರಾಳವಾಗಿ ಬಳಸಿ. ಆದರೆ ಮುಂದಿನ ಗಾಡಿ ವೇಗ ಪಡೆದು ಜಗ್ಗುವುದಕ್ಕೆ ಅದು ಬೇಡವೇ ಬೇಡ. ಪಾಲಿಯೆಸ್ಟರ್ ಹಿಗ್ಗುವುದು ತೀರಾ ಕಡಿಮೆ. ಬೆಲ್ಟ್ ಬಿಗಿದ ಕ್ಷಣದಲ್ಲಿ ಮುಂದಿನ ಗಾಡಿಯ ರಭಸವೆಲ್ಲ ಒಂದೇ ಏಟಾಗಿ ಕಟ್ಟಿದ ಜಾಗದ ಮೇಲೆ ಬೀಳುತ್ತದೆ. ಬೆಲ್ಟಿಗೆ ಏನೂ ಆಗುವುದಿಲ್ಲ, ಗಾಡಿಯ ಕೊಂಡಿ ಕಿತ್ತು ಹಾರುತ್ತದೆ.

ಜಗ್ಗಿ ಎಳೆಯಲೆಂದೇ ನೈಲಾನಿನ ಕೈನೆಟಿಕ್ ಹಗ್ಗ ಬರುತ್ತದೆ. ಸುಮಾರು 9 ಮೀಟರ್ ಉದ್ದದ್ದು ಅನುಕೂಲ. ಎಳೆತಕ್ಕೆ ಅದು ಶೇ 30ರವರೆಗೆ ಹಿಗ್ಗಿ, ಕುಗ್ಗುವಾಗ ಹೂತ ಗಾಡಿಯನ್ನು ಮೆತ್ತಗೆ ಮೇಲೆಬ್ಬಿಸುತ್ತದೆ. ಅಳತೆಯ ಲೆಕ್ಕ ಹೀಗೆ: ಎರಡು ಗಾಡಿಗಳಲ್ಲಿ ಹಗುರವಾದದ್ದು ಜನ, ಸಾಮಾನು ಸೇರಿ 2.3 ಟನ್ ಇದ್ದರೆ, ಹಗ್ಗ ಕಡಿಯುವ ಮಿತಿ ಅದರ ಎರಡರಿಂದ ಮೂರು ಪಟ್ಟು, ಅಂದರೆ 5ರಿಂದ 7 ಟನ್ ಇರಲಿ. ದಪ್ಪನೆಯದೇ ಒಳ್ಳೆಯದು ಎಂದು 13 ಟನ್ನಿನದನ್ನು ತಂದರೆ ನಿಮ್ಮ ಗಾಡಿಯ ಎಳೆತಕ್ಕೆ ಅದು ಸಾಕಷ್ಟು ಹಿಗ್ಗುವುದಿಲ್ಲ. ಮತ್ತೆ ಹಳದಿ ಬೆಲ್ಟಿನ ಪಾಡೇ. ಅಂಗಡಿಯಲ್ಲಿ ಒಂದು ಮಾತು ಕೇಳಿ ತಿಳಿದುಕೊಳ್ಳಿ: ಬರೆದಿರುವ ಟನ್ ಹೊರಿಸಬಹುದಾದ ಭಾರವೋ, ಕಡಿಯುವ ಮಿತಿಯೋ? ಎತ್ತುವ ಬೆಲ್ಟಿನ ಮೇಲೆ ಮೊದಲನೆಯದು, ಎಳೆಯುವ ಹಗ್ಗದ ಮೇಲೆ ಸಾಮಾನ್ಯವಾಗಿ ಎರಡನೆಯದು ಇರುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ.

ನಿಮ್ಮ ನೆರೆಯವರ ಹಗ್ಗ ಗಂಟಿನ ಬಳಿಯೇ ಕಡಿದಿರಬೇಕು. ಗಂಟು ಬಿದ್ದ ಹಗ್ಗ ಅರ್ಧದಷ್ಟು ಬಲ ಕಳೆದುಕೊಳ್ಳಬಹುದು. ಆದ್ದರಿಂದ ತುದಿಯಲ್ಲಿ ಕುಣಿಕೆ ಹೆಣೆದಿರುವ ಹಗ್ಗವನ್ನೇ ಕೊಳ್ಳಿ. ಅದನ್ನು ಸಿಕ್ಕಿಸಲು ಭಾರದ ಮಿತಿ ಅಚ್ಚೊತ್ತಿರುವ 3.25 ಟನ್ನಿನ ಶ್ಯಾಕಲ್ (ಅಡ್ಡ ಪಿನ್ನಿರುವ U ಆಕಾರದ ಉಕ್ಕಿನ ಕೊಂಡಿ) ತನ್ನಿ. ಅಚ್ಚಿಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಶ್ಯಾಕಲನ್ನು ಹಾಕಬೇಕಾದದ್ದು ಚಾಸಿಗೆ ಬೋಲ್ಟ್ ಮಾಡಿರುವ ಎಳೆಯುವ ಕೊಕ್ಕೆಗೆ. ಬಂಪರಿಗಲ್ಲ, ಸಸ್ಪೆನ್ಷನ್ ತೋಳಿಗಲ್ಲ, ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗಂತೂ ಅಲ್ಲವೇ ಅಲ್ಲ. ಆ ಗುಂಡು ಮುರಿದು ಹಾರಿ ಮನುಷ್ಯರು ಸತ್ತಿದ್ದಾರೆ. ಎರಡು ಹಗ್ಗಗಳನ್ನು ಶ್ಯಾಕಲಿನಿಂದ ಜೋಡಿಸುವುದೂ ತಪ್ಪು; ಹಗ್ಗ ಕಡಿದರೆ ಆ ಕಬ್ಬಿಣ ಕವಣೆಕಲ್ಲಿನಂತೆ ಹಾರುತ್ತದೆ.

1996ರ ಮಳೆಗಾಲದಲ್ಲಿ ಕನಕಪುರ ರಸ್ತೆಯ ಬದಿ ಕಲ್ಲು ತುಂಬಿದ ಲಾರಿಯೊಂದು ಕುಸಿದಿತ್ತು. ಉಕ್ಕಿನ ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಲಾರಿಯ ಕಡೆಯ ಕೊಂಡಿ ಕಿತ್ತಿತು. ಹಗ್ಗದ ಪಕ್ಕದಲ್ಲಿ ನಿಂತಿದ್ದ ನನ್ನ ಸಹಾಯಕನ ಮೊಣಕಾಲಿನ ಕೆಳಗೆ ಅದು ಬಡಿಯಿತು. ಇಂದಿಗೂ ಅವನ ಆ ಕಾಲು ನೆಟ್ಟಗಾಗಿಲ್ಲ. ಅಲ್ಲಿ ನಿಲ್ಲಬೇಡ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಅಂದಿನಿಂದ ಇಂದಿನವರೆಗೆ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಜನರನ್ನು ಕಳಿಸದೆ ನಾನು ಎಂಜಿನ್ ಚಾಲೂ ಮಾಡಲು ಬಿಟ್ಟಿಲ್ಲ. 9 ಮೀಟರಿನ ಹಗ್ಗಕ್ಕೆ ಹದಿಮೂರು, ಹದಿನಾಲ್ಕು ಮೀಟರ್. ನಮ್ಮ ಬೀದಿಗಳಲ್ಲಿ ಗಾಡಿ ಹೂತರೆ ಜಾತ್ರೆಯಷ್ಟು ಜನ ಸೇರುತ್ತಾರೆ. ಮಕ್ಕಳನ್ನು ಮೊದಲು ಮನೆಯೊಳಗೆ ಕಳಿಸಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ಕಡಿದಾಗಿನ ರಭಸ ತಗ್ಗುತ್ತದೆ, ಆದರೆ ಅದನ್ನು ನಂಬಿ ಹತ್ತಿರ ನಿಲ್ಲುವಂತಿಲ್ಲ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಗಾಡಿಗೆ ಅಂದು ಹಗ್ಗವೇ ಬೇಕಿರಲಿಲ್ಲವೇನೋ. ಕೊಳವೆ ಸಾಲಿನ ಮೇಲಿನ ಮಣ್ಣನ್ನು ದಮ್ಮಸ್ಸು ಮಾಡದೆ ಸುರಿದಿರುತ್ತಾರೆ, ಮಳೆ ಬಿದ್ದರೆ ಅದು ಅಂಬಲಿ. ಚಕ್ರದ ಎತ್ತರಕ್ಕೆ ಹೂತ ಗಾಡಿಯನ್ನು ಕೀಳಲು ಹೆಚ್ಚುಕಡಿಮೆ ಗಾಡಿಯ ತೂಕದಷ್ಟೇ ಬಲ ಬೇಕು ಎಂಬುದು ಈ ಕಸುಬಿನ ಹಳೆಯ ಅಂದಾಜು. ಚಕ್ರದ ಮುಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆದು, ಹೊಟ್ಟೆಯಡಿಯ ಕೆಸರು ಬಿಡಿಸಿದರೆ ಆ ಬಲ ಎಷ್ಟೋ ಪಾಲು ತಗ್ಗುತ್ತದೆ. ಟೈರಿನ ಗಾಳಿಯನ್ನು 33ರಿಂದ 20 ಪಿಎಸ್‌ಐಗೆ ಇಳಿಸಿ. ಟೈರ್ ಅಗಲವಾಗಿ ಕೂತು ನೆಲ ಹಿಡಿಯುತ್ತದೆ. ಮೇಲೆ ಬಂದ ಮೇಲೆ ಗಾಳಿ ತುಂಬದೆ ವೇಗವಾಗಿ ಓಡಿಸಬಾರದು. ಹೊರಮಾವಿನಲ್ಲಿ ಕಟ್ಟಡ ಕೆಲಸ ನಡೆಯದ ಬೀದಿ ಯಾವುದಿದೆ? ಎರಡು ಸೆಂಟ್ರಿಂಗ್ ಹಲಗೆ ಕೇಳಿ ತಂದು ಚಕ್ರದಡಿ ಕೊಡಿ, ಮೊಳೆಗಳನ್ನು ನೋಡಿ ಕಿತ್ತು ಕೊಡಿ. ಚಕ್ರದ ಹಿಂದೆ ಯಾರೂ ಇರಬಾರದು, ಹಲಗೆ ಹಿಂದಕ್ಕೆ ಚಿಮ್ಮುತ್ತದೆ.

ಪ್ರಶ್ನೆ: ನನ್ನದು ಚಿಕ್ಕ ಆಟೊಮ್ಯಾಟಿಕ್ ಕಾರು. ಸ್ಟೆಪ್ನಿಯ ಜೊತೆ ಉದ್ದನೆಯ ಕಬ್ಬಿಣದ ಉಂಗುರವೊಂದಿದೆ. ಕಾರು ಕೆಟ್ಟರೆ ಇದಕ್ಕೆ ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಬಹುದೇ?
– ಓದುಗರು, ಕೆಂಗೇರಿ

ಉತ್ತರ: ತಾಯಿ, ಬಂಪರಿನಲ್ಲಿ ಚಿಕ್ಕ ಮುಚ್ಚಳವೊಂದಿದೆ, ಅದನ್ನು ತೆಗೆದರೆ ಒಳಗೆ ತಿರುಪಿನ ಸುತ್ತುಗಳಿರುವ ತೂತು ಕಾಣುತ್ತದೆ. ಉಂಗುರವನ್ನು ಅಲ್ಲಿ ತಿರುಗಿಸಿ, ಕೊನೆಗೆ ವೀಲ್ ಸ್ಪ್ಯಾನರ್ ತೂರಿಸಿ ಪೂರ್ತಿ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಅದು ಎಡಕ್ಕೆ ಬಿಗಿಯುತ್ತದೆ. ಅರ್ಧ ಬಿಗಿದರೆ ಬಾಗುತ್ತದೆ ಅಥವಾ ಮುರಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನೇರವಾಗಿ ಎಳೆಯಲು ಮಾತ್ರ ಅದು ಇದೆ, ಕೆಸರಿನಿಂದ ಜಗ್ಗಿ ಕೀಳಲು ಅಲ್ಲ.

ಆದರೆ ಆಟೊಮ್ಯಾಟಿಕ್ ಕಾರನ್ನು ಕೆಂಗೇರಿಯಿಂದ ಎಳೆಸುವ ಯೋಚನೆ ಬಿಡಿ. ಗೇರ್‌ಬಾಕ್ಸಿನ ಆಯಿಲ್ ಪಂಪ್ ಸಾಮಾನ್ಯವಾಗಿ ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಚಕ್ರ ಉರುಳುತ್ತಾ ಎಂಜಿನ್ ನಿಂತಿದ್ದರೆ ಒಳಗಿನ ಭಾಗಗಳು ಒಣಗಿ ಸವೆಯುತ್ತವೆ. ವಿದ್ಯುತ್ ಕಾರುಗಳಿಗೂ ಉರುಳಿಸಿ ಎಳೆಯುವುದು ಹಾನಿ. ಇಡೀ ಕಾರನ್ನು ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್ ಲಾರಿ ಕರೆಸಿ. ರಸ್ತೆಯ ಅಂಚಿಗೆ ಸರಿಸಲು ಹಗ್ಗ ಕಟ್ಟಲೇಬೇಕಾದರೆ ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಬೇಡ. ಕೀಲಿ ಆನ್ ಇರಲಿ, ಇಲ್ಲವಾದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಎಂಜಿನ್ ನಿಂತಿರುವಾಗ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಗಟ್ಟಿಯಾಗುತ್ತದೆ. ಪೂರ್ತಿ ಬಲ ಹಾಕಿ ತುಳಿಯಲು ಸಿದ್ಧರಾಗಿರಿ.

ಪ್ರಶ್ನೆ: ಊರ ಕಡೆಯ ಟ್ರ್ಯಾಕ್ಟರಿನಿಂದ ಎಳೆಸುವುದು ಸುರಕ್ಷಿತವೇ?
– ಓದುಗರು, ವರ್ತೂರು

ಉತ್ತರ: ಹಗ್ಗವನ್ನು ಹಿಂದಿನ ಆಕ್ಸಲಿಗಿಂತ ಕೆಳಗಿರುವ ಡ್ರಾಬಾರಿಗೆ, ಅಂದರೆ ಎಳೆಯಲೆಂದೇ ಇರುವ ಕಬ್ಬಿಣದ ಪಟ್ಟಿಗೆ, ಕಟ್ಟಿದರೆ ಮಾತ್ರ. ಅದಕ್ಕಿಂತ ಮೇಲೆ ಎಲ್ಲಿ ಕಟ್ಟಿದರೂ, ಹೂತ ಗಾಡಿ ಕದಲದಿದ್ದಾಗ ಟ್ರ್ಯಾಕ್ಟರಿನ ಮೂತಿ ಎದ್ದು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚಬಹುದು. ಅದಕ್ಕೆ ಒಂದೆರಡು ಸೆಕೆಂಡು ಸಾಕು.

ಪ್ರಶ್ನೆ: ನೀರು ತುಂಬಿದ ಅಂಡರ್‌ಪಾಸಿನಲ್ಲಿ ಕಾರು ನಿಂತರೆ ಎಳೆಯಲು ಏನು ಬೇಕು?
– ಓದುಗರು, ಶಿವಾಜಿನಗರ

ಉತ್ತರ: ಆ ಹೊತ್ತಿನಲ್ಲಿ ಏನೂ ಬೇಡ. ಕಾರು ಬಿಟ್ಟು ಎತ್ತರಕ್ಕೆ ಬನ್ನಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀರು ಇಳಿದ ಮೇಲೆ ಕೀಲಿ ತಿರುಗಿಸಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾವಿರಗಳಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗುತ್ತದೆ. ಚಾಲೂ ಮಾಡದೆ ಫ್ಲಾಟ್‌ಬೆಡ್‌ಗೆ ಏರಿಸಿ, ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಮೆಕ್ಯಾನಿಕ್‌ಗೆ ತಿಳಿಸಿ. ಸೀಟಿನ ಮೇಲಿನ ಕೆಸರಿನ ಗೆರೆಯ ಫೋಟೊ ತೆಗೆದಿಟ್ಟುಕೊಂಡರೆ ವಿಮೆಯವರಿಗೂ ಬೇಕಾಗುತ್ತದೆ.