ಗಾಂಜಾ ಕಾನೂನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಾಂಜಾವನ್ನು ‘ಅಪರಾಧಮುಕ್ತ’ಗೊಳಿಸುವುದು, ‘ಕಾನೂನುಬದ್ಧ’ಗೊಳಿಸುವುದು ಎರಡೂ ಒಂದೇನಾ?

ಉತ್ತರ: ಅಲ್ಲ. ಅಪರಾಧಮುಕ್ತವಾದರೆ ಸ್ವಂತಕ್ಕೆಂದು ಸ್ವಲ್ಪ ಇಟ್ಟುಕೊಂಡವರು ಜೈಲಿಗೆ ಹೋಗುವುದು ತಪ್ಪುತ್ತದೆ, ಅಷ್ಟೆ. ಮಾರುವವನು ಮಾತ್ರ ಕಳ್ಳದಂಧೆಯವನೇ. ಪೊಟ್ಟಣದಲ್ಲಿ ಏನಿದೆ ಎಂದು ಪರೀಕ್ಷಿಸುವವರು ಯಾರೂ ಇಲ್ಲ. ಕಾನೂನುಬದ್ಧವಾದರೆ ಬೆಳೆಯುವುದಕ್ಕೂ ಮಾರುವುದಕ್ಕೂ ಪರವಾನಗಿ, ತೆರಿಗೆ, ತಪಾಸಣೆ ಬರುತ್ತವೆ. ಕೆನಡಾ 2018ರಲ್ಲಿ ಈ ದಾರಿ ಹಿಡಿಯಿತು. ಜರ್ಮನಿಯದು ನಡುದಾರಿ: 2024ರ ಏಪ್ರಿಲ್‌ನಿಂದ ವಯಸ್ಕರು ಹೊರಗೆ 25 ಗ್ರಾಂ ಇಟ್ಟುಕೊಳ್ಳಬಹುದು, ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಆದರೆ ಅಂಗಡಿಯಲ್ಲಿ ಮಾರುವಂತಿಲ್ಲ.

ಪ್ರಶ್ನೆ: ಸೇದುವ ಬದಲು ಗಾಂಜಾ ಬೆರೆಸಿದ ಚಾಕೊಲೇಟ್ ತಿಂದರೆ ಶ್ವಾಸಕೋಶಕ್ಕೆ ಹೊಗೆಯೇ ಹೋಗುವುದಿಲ್ಲ. ಮತ್ತೆ ಅದಕ್ಕೇ ಹೆಚ್ಚು ನಿರ್ಬಂಧ ಬೇಕೆನ್ನುವುದು ಯಾಕೆ?

ಉತ್ತರ: ಹೊಗೆಯ ಮಾತು ಸರಿ. ಎಡವಟ್ಟಾಗುವುದು ಸಮಯದ ಲೆಕ್ಕದಲ್ಲಿ. ಸೇದಿದರೆ ಕೆಲವೇ ನಿಮಿಷಕ್ಕೆ ಮತ್ತೇರುತ್ತದೆ, ಸಾಕೆನಿಸಿದಾಗ ನಿಲ್ಲಿಸಬಹುದು. ತಿಂದದ್ದು ಹೊಟ್ಟೆ, ಕರುಳು ದಾಟಿ ಲಿವರ್‌ಗೆ ಹೋಗಬೇಕು. ಅಲ್ಲಿ ಟಿಎಚ್‌ಸಿಯ (ಗಾಂಜಾದಲ್ಲಿ ಅಮಲೇರಿಸುವ ಅಂಶ) ಒಂದು ಭಾಗ ‘11-ಹೈಡ್ರಾಕ್ಸಿ-ಟಿಎಚ್‌ಸಿ’ ಎಂಬ ಇನ್ನೊಂದು ಅಮಲಿನ ರೂಪಕ್ಕೆ ತಿರುಗುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ಗೊತ್ತಾಗದೆ ಇರಬಹುದು. ಹೊಸಬರು ಒಂದು ತುಂಡು ತಿನ್ನುತ್ತಾರೆ, ಮುಕ್ಕಾಲು ಗಂಟೆ ಕಾಯುತ್ತಾರೆ, ಏನೂ ಆಗಲಿಲ್ಲವೆಂದು ಇನ್ನೆರಡು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಮೂರೂ ಸೇರಿ ಏರುತ್ತವೆ: ಎದೆ ಡವಡವ, ವಾಂತಿ, ಸತ್ತೇಹೋಗುತ್ತೇನೆಂಬ ಭಯ. ಇಳಿಯಲು ಆರೆಂಟು ಗಂಟೆ ಬೇಕು.

ಅದಕ್ಕೇ ಅಮೆರಿಕದ ಕೊಲರಾಡೊದಲ್ಲಿ ಒಂದು ತುಂಡಿಗೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ. ಕೆನಡಾ ಇನ್ನೂ ಬಿಗಿ: ಇಡೀ ಪೊಟ್ಟಣಕ್ಕೇ 10 ಮಿಲಿಗ್ರಾಂ. ನಮಗೆ ಸರಿ ಕಾಣುವುದು ಕೆನಡಾದ ಕ್ರಮ. ಹತ್ತು ತುಂಡಿನ ಚಾಕೊಲೇಟ್ ಎದುರಿಗಿಟ್ಟು ‘ಒಂದೇ ತಿನ್ನಿ’ ಎಂದರೆ ದೊಡ್ಡವರೇ ಕೇಳುವುದಿಲ್ಲ, ಇನ್ನು ಮಿಠಾಯಿಯೆಂದೇ ತಿಳಿಯುವ ಮಗು ಕೇಳೀತೆ? ಮಕ್ಕಳ ಕೈಗೆ ಬಿಚ್ಚಲು ಬಾರದ ಪೊಟ್ಟಣವನ್ನೂ ಕಡ್ಡಾಯ ಮಾಡಲೇಬೇಕು. ಮನೆಯಲ್ಲೇ ಮಾಡಿದ ತಿನಿಸಿನ ಅಪಾಯ ಬೇರೆ: ಹಿಟ್ಟಿನಲ್ಲಿ ಸಮನಾಗಿ ಬೆರೆಯದಿದ್ದರೆ ಒಂದು ತುಂಡು ಸಪ್ಪೆ, ಪಕ್ಕದ್ದು ದುಪ್ಪಟ್ಟು.

ಪ್ರಶ್ನೆ: ಕುಡಿದವರನ್ನು ಊದಿಸಿ ಹಿಡಿಯುವಂತೆ ಗಾಂಜಾ ಸೇದಿ ಗಾಡಿ ಓಡಿಸುವವರನ್ನೂ ಹಿಡಿಯಬಹುದಲ್ಲ?

ಉತ್ತರ: ಅಷ್ಟು ಸುಲಭವಲ್ಲ. ರಕ್ತದಲ್ಲಿ ಮದ್ಯ ಏರಿದಂತೆ ಅಮಲೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ಸೇದಿದ ಸ್ವಲ್ಪ ಹೊತ್ತಿಗೇ ರಕ್ತದಲ್ಲಿ ಅದರ ಮಟ್ಟ ಸರ್ರನೆ ಇಳಿಯುತ್ತದೆ, ಅಮಲು ಮಾತ್ರ ಇನ್ನೂ ಇರುತ್ತದೆ. ದಿನಾ ಸೇದುವವರಲ್ಲಿ ಇದು ತಿರುವುಮುರುವು: ಅಮಲು ಇಳಿದು ದಿನಗಳಾದರೂ ರಕ್ತದಲ್ಲಿ ಅಂಶ ಸಿಗುತ್ತದೆ. ವಾಷಿಂಗ್ಟನ್ ರಾಜ್ಯ ರಕ್ತದ ಪ್ರತಿ ಮಿಲಿಲೀಟರ್‌ಗೆ 5 ನ್ಯಾನೊಗ್ರಾಂ ಎಂದು ಗೆರೆ ಎಳೆದಿದೆ. ಆ ಗೆರೆಯ ಕೆಳಗಿದ್ದವರೆಲ್ಲ ಎಚ್ಚರವಾಗಿದ್ದಾರೆ, ಮೇಲಿದ್ದವರೆಲ್ಲ ಅಮಲಿನಲ್ಲಿದ್ದಾರೆ ಎನ್ನಲಾಗದು. ಹಾಗಾಗಿ ಒಂಟಿ ಕಾಲಲ್ಲಿ ನಿಲ್ಲಿಸಿ, ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನಡೆಸಿ ನೋಡುವ ತರಬೇತಿ ಪೊಲೀಸರಿಗೆ ಇರಬೇಕು. ಮಾರಾಟಕ್ಕೆ ಅನುಮತಿ ಕೊಡುವ ಮೊದಲೇ ಈ ತರಬೇತಿ ಮುಗಿದಿರಬೇಕು.