ಇಂಗ್ಲಿಷ್ ಪೀರಿಯಡ್ಡಲ್ಲಿ ಕನ್ನಡ ಎಷ್ಟಿರ್ಬೇಕು?

ಪ್ರಶ್ನೆ: ಸರ, ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಿಸ್ತೀನ್ರಿ. ಎಲ್ಲಾ ಕನ್ನಡ ಮೀಡಿಯಂ ಹುಡುಗ್ರು. ಪೂರಾ ಇಂಗ್ಲಿಷಿನ್ಯಾಗ ಪಾಠ ಮಾಡಿದ್ರ ಸುಮ್ನ ಮುಖ ನೋಡ್ಕೋತ ಕುಂದರ್ತಾರ, ಸಾಲು ಸಾಲು ಕನ್ನಡದಾಗ ಬಿಡಿಸಿ ಹೇಳಿದ್ರ ಕಥಿ ತಿಳೀತೈತಿ ಖರೆ, ಇಂಗ್ಲಿಷ್ ಒಂದು ವಾಕ್ಯ ಬಾಯಾಗ ಬರಂಗಿಲ್ಲ. ಅದ್ರಾಗ ಹತ್ತನೇ ಕ್ಲಾಸಿಗೆ ಷೇಕ್ಸ್‌ಪಿಯರ್ ಪದ್ಯ ಬ್ಯಾರೆ. ಗೈಡ್ ಬಾಯಿಪಾಠ ಮಾಡ್ಸೋದು ಬಿಟ್ಟು ಬ್ಯಾರೆ ದಾರಿ ಐತೇನ್ರಿ?
— ಒಬ್ಬ ಶಿಕ್ಷಕಿ

ಉತ್ತರ: ದಾರಿ ಇದೆ ಮೇಡಂ. ಕನ್ನಡ ಬಳಸೋದು ತಪ್ಪಲ್ಲ, ಯಾವಾಗ ಬಳಸ್ತೀವಿ ಅನ್ನೋದ್ರಲ್ಲಿದೆ ಎಲ್ಲಾ. ಒಂದು ಸಾಲು ಇಂಗ್ಲಿಷಲ್ಲಿ ಓದಿ ತಕ್ಷಣ ಕನ್ನಡ ಹೇಳಿದ್ರೆ ಮಕ್ಕಳು ಇಂಗ್ಲಿಷ್ ಸಾಲನ್ನ ಕೇಳಿಸ್ಕೊಳ್ಳೋದೇ ಬಿಟ್ಬಿಡ್ತಾರೆ, ಹೆಂಗೂ ಹಿಂದೇನೇ ಕನ್ನಡ ಬರುತ್ತಲ್ಲ ಅಂತ ಕಾಯ್ತಾ ಕೂತಿರ್ತಾರೆ. ಅದಕ್ಕೇ ಕನ್ನಡಾನ ಪಾಠಕ್ಕೆ ಮುಂಚೆ ಇಡಿ, ಪಾಠ ಶುರು ಆದ್ಮೇಲೆ ಆದಷ್ಟು ಹಿಂದೆ ಸರಿಸಿ.

ಆರ್.ಕೆ. ನಾರಾಯಣರ 'ಎ ಹೀರೋ' ತಗೊಳ್ಳಿ. ಅಪ್ಪನ ಮಾತಿಗೆ ಸಿಕ್ಕಿಬಿದ್ದು ಸ್ವಾಮಿ ಅನ್ನೋ ಹುಡುಗ ಆಫೀಸ್ ರೂಮಲ್ಲಿ ಒಬ್ನೇ ಮಲಗ್ಬೇಕಾಗುತ್ತೆ, ಹೆದರಿಕೇಲಿ ಯಾವುದೋ ಕಾಲನ್ನ ಕಚ್ತಾನೆ, ನೋಡಿದ್ರೆ ಅದು ಕಳ್ಳಂದು. ಪುಸ್ತಕ ತೆಗೆಯೋಕೆ ಮುಂಚೆ ಕನ್ನಡದಲ್ಲೇ ಕೇಳಿ, ನಿಮ್ಮಲ್ಲಿ ಯಾರು ಕತ್ತಲೇಲಿ ಒಬ್ರೇ ಮಲಗ್ತೀರಿ, ಯಾತಕ್ಕೆ ಹೆದರ್ತೀರಿ ಅಂತ. ಹತ್ತು ನಿಮಿಷ ಕ್ಲಾಸೆಲ್ಲಾ ಗದ್ದಲ ಆಗ್ಲಿ ಬಿಡಿ. ಅವರ ಮಾತಲ್ಲಿ ಬಂದ ನಾಲ್ಕಾರು ಪದಗಳ ಇಂಗ್ಲಿಷ್ ಬೋರ್ಡ್ ಮೇಲೆ ಬರೆದು, ಆಮೇಲೆ ಒಂದೊಂದೇ ಪ್ಯಾರಾ ಇಂಗ್ಲಿಷಲ್ಲಿ ನಿಧಾನವಾಗಿ, ನಟನೆ ಮಾಡಿ ಓದಿ. ಪ್ರಶ್ನೆ ಇಂಗ್ಲಿಷಲ್ಲೇ ಕೇಳಿ, ಉತ್ತರ ಒಂದೇ ಪದ ಬಂದ್ರೂ ಒಪ್ಕೊಂಡು ನೀವೇ ಅದನ್ನ ಪೂರ್ತಿ ವಾಕ್ಯ ಮಾಡಿ ತಿರುಗಿ ಹೇಳಿ. ಮಗು ಅದನ್ನ ಇನ್ನೊಂದ್ಸಲ ಹೇಳಿದ್ರೆ ಸಾಕು, ಬರೆಯೋದು ನಾಳೆ.

ಷೇಕ್ಸ್‌ಪಿಯರ್ ವಿಷಯಕ್ಕೆ ನಿಮ್ಮ ಸೀಮೆಯೋರು ಹೆದರೋದೇ ಬೇಡ, ಬಯಲಾಟ ಇರೋ ಊರು ನಿಮ್ದು. ನೀವು ಹೇಳಿದ ಹತ್ತನೇ ಕ್ಲಾಸಿನ ಪದ್ಯ 'ಕ್ವಾಲಿಟಿ ಆಫ್ ಮರ್ಸಿ' ಒಂಟಿ ಪದ್ಯ ಅಲ್ಲ, 'ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಕೋರ್ಟಿನ ಮಾತು ಅದು. ಕೊಟ್ಟ ಸಾಲ ವಾಪಸ್ ಬರಲಿಲ್ಲ ಅಂತ ಶೈಲಾಕ್, ವ್ಯಾಪಾರಿ ಆಂಟೋನಿಯೋ ಮೈಯಿಂದ ಒಂದು ಪೌಂಡ್ ಮಾಂಸ ಕೇಳ್ತಿದಾನೆ, ಆಂಟೋನಿಯೋ ಜೀವ ಹೋಗೋದ್ರಲ್ಲಿದೆ, ಗಂಡು ವೇಷದಲ್ಲಿ ವಕೀಲನಾಗಿ ಬಂದ ಪೋರ್ಷಿಯಾ ಕರುಣೆ ತೋರ್ಸು ಅಂತ ಕೇಳ್ಕೊಳ್ತಾಳೆ. ಈ ಕಥೆ ಪೂರಾ ಕನ್ನಡದಲ್ಲೇ ಹೇಳಿ, ಶೈಲಾಕ್‌ನ ಆ ಊರೋರು ಯಹೂದಿ ಅಂತ ಎಷ್ಟು ಅವಮಾನ ಮಾಡಿದ್ರು ಅನ್ನೋದನ್ನೂ ಬಿಡ್ಬೇಡಿ, ಇಲ್ದಿದ್ರೆ ಮಕ್ಕಳು ಅವನನ್ನ ಬರೀ ವಿಲನ್ ಅನ್ಕೊಂಡ್ಬಿಡ್ತಾರೆ. ಆಮೇಲೆ ಕ್ಲಾಸನ್ನೇ ಕೋರ್ಟ್ ಮಾಡಿ, ಒಬ್ಬ ಶೈಲಾಕ್, ಒಬ್ಳು ಪೋರ್ಷಿಯಾ, ಪದ್ಯದ ಸಾಲು ಮಾತ್ರ ಇಂಗ್ಲಿಷಲ್ಲೇ ಗಟ್ಟಿಯಾಗಿ. ಬಾಯಿಪಾಠ ಹೆಂಗೂ ಪರೀಕ್ಷೆಗೆ ಬೇಕು, ಯಾರಿಗೆ ಹೇಳ್ತಿದೀನಿ, ಯಾಕೆ ಹೇಳ್ತಿದೀನಿ ಗೊತ್ತಿದ್ದು ಕಲಿತ ಸಾಲು ಪರೀಕ್ಷೆ ಮುಗಿದ್ಮೇಲೂ ಉಳಿಯುತ್ತೆ.

ಗ್ರಾಮರಿಗೂ ಕನ್ನಡ ಆಗಿಬರುತ್ತೆ. 'ಡಿಡ್ ನಾಟ್ ವೆಂಟ್' ಅಂತ ಬರೆಯೋ ಮಕ್ಕಳು ಪ್ರತಿ ಕ್ಲಾಸಲ್ಲೂ ಇದಾರೆ, ನಾವು ಕೆಂಪು ಗೆರೆ ಹಾಕಿ ಸುಮ್ನಾಗ್ತೀವಿ. ಅದರ ಬದ್ಲು ಕೇಳಿ, ಕನ್ನಡದಲ್ಲಿ 'ಹೋದ' ಅಂತೀವಿ, ಆದ್ರೆ 'ಹೋದಲಿಲ್ಲ' ಅಂತೀವಾ? 'ಹೋಗಲಿಲ್ಲ' ತಾನೇ? 'ಇಲ್ಲ' ಬಂದಾಗ 'ಹೋದ' ಅನ್ನೋದು 'ಹೋಗ' ಆಯ್ತಲ್ಲ, ಅಲ್ಲೂ ಹಂಗೇ 'ವೆಂಟ್' ತಿರುಗಿ 'ಗೋ' ಆಗುತ್ತೆ. ಮಕ್ಕಳಿಗೆ ಈ ರೂಲ್ ಆಗ್ಲೇ ಗೊತ್ತು, ಗೊತ್ತಿದೆ ಅಂತ ಯಾರೂ ಹೇಳಿರಲ್ಲ ಅಷ್ಟೇ.

ರಿಸಲ್ಟಿನ ಒತ್ತಡ ನಿಜಾನೇ, ಇಲ್ಲ ಅನ್ನಲ್ಲ. ಪಾಸಾಗೋದೇ ಕಷ್ಟ ಇರೋ ಮಕ್ಕಳಿಗೆ ಕೊನೇ ಎರಡು ತಿಂಗಳು ಹಳೇ ಪ್ರಶ್ನೆಪತ್ರಿಕೆ ಮಾಡ್ಸಿ, ಅದು ಅವರ ಹಕ್ಕು. ಆದ್ರೆ ಜೂನಿಂದಾನೇ ಗೈಡ್ ಕೈಗೆ ಕೊಡ್ಬೇಡಿ, ಎಂಟನೇ ಕ್ಲಾಸಿಗಂತೂ ಬೇಡವೇ ಬೇಡ.

ಪ್ರಶ್ನೆ: ನಮ್ಮ ಮಗಳು ಕನ್ನಡ ಮೀಡಿಯಂನಲ್ಲಿ ಏಳನೇ ಕ್ಲಾಸ್ ಮುಗಿಸಿದಾಳೆ. ಮುಂದೆ ಪಿಯುಸಿ ಸೈನ್ಸ್ ಆಸೆ ಇದೆ. ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಹಾಕೋದಾ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ನನ್ನ ಕೇಳಿದ್ರೆ ಬೇಡ ಸರ್. ಇಂಗ್ಲಿಷ್ ಚೆನ್ನಾಗಿ ಬರ್ಲಿ ಅಂತ ಮೀಡಿಯಂ ಬದಲಾಯಿಸಿದ್ರೆ ಗಣಿತ, ವಿಜ್ಞಾನ, ಸಮಾಜ ಮೂರೂ ಒಟ್ಟಿಗೇ ತಲೆ ಮೇಲೆ ಬೀಳುತ್ತೆ, ಅರ್ಥ ಆಗ್ದೆ ಉರು ಹೊಡೆಯೋಕೆ ಶುರು ಮಾಡ್ತಾಳೆ. ಪಿಯುಸಿ ಸೈನ್ಸ್ ಪಾಠ ಹೆಚ್ಚಾಗಿ ಇಂಗ್ಲಿಷಲ್ಲೇ ನಡೆಯೋದು, ನಿಮ್ಮ ಚಿಂತೆ ಸರಿಯಾಗೇ ಇದೆ, ಅದಕ್ಕೆ ಮೂರು ವರ್ಷ ಟೈಮೂ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಎರಡೂ ಮೀಡಿಯಂ ಪುಸ್ತಕದ ಪಿಡಿಎಫ್ ಫ್ರೀಯಾಗಿ ಸಿಗುತ್ತೆ. ವಿಜ್ಞಾನದ ಪಾಠ ಕನ್ನಡದಲ್ಲಿ ಅರ್ಥ ಆದ ವಾರಾನೇ ಅದೇ ಪಾಠ ಇಂಗ್ಲಿಷ್ ಪುಸ್ತಕದಲ್ಲಿ ಓದ್ಲಿ, ದಿನಕ್ಕೆ ಒಂದು ಪುಟ ಸಾಕು, ಚಿತ್ರದ ಹೆಸರುಗಳಿಂದ ಶುರು ಮಾಡ್ಲಿ.