ಬಿದ್ದರೆ ಅಂಕ, ಅಲುಗಿದರೆ ಸೊನ್ನೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲ ಉಕ್ಕಿನ ಗುರಿಗಳನ್ನು ಉರುಳಿಸುವ ಶೂಟಿಂಗ್ ಸ್ಪರ್ಧೆಯ ಬಗ್ಗೆ ಬಂದ ಪತ್ರಗಳು.

ಪ್ರಶ್ನೆ: ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಹೊಡೆದೇ ನನಗೆ ಗುರಿಯ ಹುಚ್ಚು ಹಿಡಿದಿದ್ದು. ವಿಡಿಯೊಗಳಲ್ಲಿ ಕೋಳಿ, ಹಂದಿ ಆಕಾರದ ಕಬ್ಬಿಣದ ತುಂಡುಗಳನ್ನು ರೈಫಲ್‌ನಿಂದ ಬೀಳಿಸುವುದನ್ನೂ, ಪಿಸ್ತೂಲಿನಿಂದ ಐದು ತಟ್ಟೆಗೆ ಪಟಪಟನೆ ಹೊಡೆಯುವುದನ್ನೂ ನೋಡಿದೆ. ಎರಡೂ ಒಂದೇ ಆಟವೇ? ಲೈಸೆನ್ಸ್ ಬೇಕೆ? (ಕಾಲೇಜು ವಿದ್ಯಾರ್ಥಿ, ಮಂಡ್ಯ)

ಉತ್ತರ: ಬೇರೆ ಬೇರೆ. ಐದು ತಟ್ಟೆಯದು ಸ್ಟೀಲ್ ಚಾಲೆಂಜ್. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವೇಗದ ಆಟ. ನಾಲ್ಕು ತಟ್ಟೆಗೆ ಹೊಡೆದು, ಕೊನೆಯಲ್ಲಿ ‘ಸ್ಟಾಪ್ ಪ್ಲೇಟ್’ ಎಂಬ ಐದನೆಯದಕ್ಕೆ ಹೊಡೆದಾಗ ಗಡಿಯಾರ ನಿಲ್ಲುತ್ತದೆ. ತಟ್ಟೆಗಳ ಒಂದು ಜೋಡಣೆಗೆ ಐದು ಸರದಿ. ಎಲ್ಲಕ್ಕಿಂತ ಕೆಟ್ಟದ್ದನ್ನು ಬಿಟ್ಟು ಉಳಿದ ನಾಲ್ಕರ ಸಮಯ ಕೂಡಿಸುತ್ತಾರೆ. ತಪ್ಪಿದ ಪ್ರತಿ ತಟ್ಟೆಗೆ 3 ಸೆಕೆಂಡ್ ದಂಡ. ಇಂಥ ಜೋಡಣೆಗಳು ಒಟ್ಟು ಎಂಟು. ‘ಔಟರ್ ಲಿಮಿಟ್ಸ್’ ಎಂಬ ಒಂದರಲ್ಲಿ ಮಾತ್ರ ಸರದಿ ನಾಲ್ಕು, ಲೆಕ್ಕಕ್ಕೆ ಮೂರು. ಆದರೆ ಅದು ಬಂದೂಕಿನ ಮದ್ದುಗುಂಡಿನ ಆಟ. ನಮ್ಮಲ್ಲಿ .22 ಪಿಸ್ತೂಲಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, 9 ಎಂ.ಎಂ. ಅಂತೂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಸಿಗದ ನಳಿಗೆ ಅಳತೆ. ಹಾಗಾಗಿ ನಿಮ್ಮ ಮಟ್ಟಿಗೆ ಅದು ನೋಡುವ ಆಟವಾಗಿಯೇ ಇರಲಿ.

ಪ್ರಾಣಿಗಳದು ಸಿಲೂಯೆಟ್. ಮೆಕ್ಸಿಕೋದಿಂದ ಬಂದದ್ದು. ಕೋಳಿ, ಹಂದಿ, ಟರ್ಕಿ, ಟಗರು ಎಂಬ ನಾಲ್ಕೇ ಪಾತ್ರ. ನಿಂತೇ ಹೊಡೆಯಬೇಕು, ಯಾವುದಕ್ಕೂ ಒರಗುವಂತಿಲ್ಲ. ಇದರ ಏರ್‌ರೈಫಲ್ ರೂಪಕ್ಕೆ 4.5 ಎಂ.ಎಂ. ಬೋರಿನ, ಗುಂಡು ಹೊರಡುವಾಗಿನ ಶಕ್ತಿ 20 ಜೌಲ್‌ ಒಳಗಿನ ರೈಫಲ್ ಸಾಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಂಥದ್ದಕ್ಕೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ಕೊಟ್ಟು, ರಸೀದಿ ಪಡೆದು, ರಸೀದಿಯನ್ನು ಜೋಪಾನವಾಗಿಡಿ. ರಾಜ್ಯ, ರಾಷ್ಟ್ರ ತಂಡದ ಆಸೆ ಇದ್ದರೆ ಮಾತ್ರ ದಾರಿ ಬೇರೆ. ಅದಕ್ಕೆ 10 ಮೀಟರ್ ಏರ್‌ರೈಫಲ್ ಅಥವಾ ಏರ್‌ಪಿಸ್ತೂಲು ಹಿಡಿಯಬೇಕು, ರೈಫಲ್ ಸಂಸ್ಥೆಯ ಸದಸ್ಯತ್ವ ಮಾಡಿಸಬೇಕು.

ಪ್ರಶ್ನೆ: ಸುಮ್ಮನೆ ಅಭ್ಯಾಸ ಮಾಡುವಾಗ ಹತ್ತಕ್ಕೆ ಏಳು ಬೀಳಿಸುತ್ತೇನೆ. ಸ್ನೇಹಿತರು ಮೊಬೈಲಿನಲ್ಲಿ ಟೈಮ್ ಇಟ್ಟ ಕೂಡಲೇ ಮೂರಕ್ಕಿಳಿಯುತ್ತದೆ. ಸ್ಪರ್ಧೆಯ ಕ್ರಮವನ್ನೂ ತಿಳಿಸಿ. (ಪಾಂಡವಪುರ)

ಉತ್ತರ: ಕ್ರಮ ಸರಳ. ಕೋಳಿ 20 ಗಜ, ಹಂದಿ 30, ಟರ್ಕಿ 36, ಟಗರು 45. ಒಂದು ಸಾಲಿನಲ್ಲಿ ಐದು. ‘ರೆಡಿ’ ಎಂದ ಮೇಲೆ 15 ಸೆಕೆಂಡ್, ಆಮೇಲೆ ಐದು ಹೊಡೆತಕ್ಕೆ ಎರಡೂವರೆ ನಿಮಿಷ. ಎಡದಿಂದ ಬಲಕ್ಕೆ, ಒಂದಕ್ಕೆ ಒಂದೇ ಹೊಡೆತ. ಮೊದಲನೆಯದು ತಪ್ಪಿತೆಂದು ಮತ್ತೆ ಅದಕ್ಕೇ ಹೊಡೆದು ಬೀಳಿಸಿದರೂ ಅದು ತಪ್ಪೇ. ಪ್ರಾಣಿಗೆ ಹತ್ತರಂತೆ 40 ಹೊಡೆತದ ಪಂದ್ಯ. ಪೆಲೆಟ್ (ಸೀಸದ ಗುಂಡು) ತಾಗಿ ‘ಟಣ್’ ಎಂದರೂ, ಗುರಿ ತಿರುಗಿ ನಿಂತರೂ ಅಂಕವಿಲ್ಲ. ಬೀಳಬೇಕು.

ಈಗ ನಿಮ್ಮ ಮೂರರ ಲೆಕ್ಕ. ಎರಡೂವರೆ ನಿಮಿಷವೆಂದರೆ ಹೊಡೆತಕ್ಕೆ 30 ಸೆಕೆಂಡ್. ನಳಿಗೆ ಮುರಿದು ತುಂಬುವ ರೈಫಲ್‌ಗೆ ಅದರಲ್ಲಿ ಹತ್ತು ಹೋದರೂ ಇಪ್ಪತ್ತು ಉಳಿಯುತ್ತದೆ. ಮುಂದಿನ ಸಲ ಐದನೇ ಹೊಡೆತ ಮುಗಿದ ತಕ್ಷಣ ಗಡಿಯಾರ ನೋಡಿ. ಒಂದು ನಿಮಿಷಕ್ಕಿಂತ ಹೆಚ್ಚು ಉಳಿದಿದ್ದರೆ ನಿಮ್ಮನ್ನು ಸೋಲಿಸಿದ್ದು ಸಮಯವಲ್ಲ, ಅವಸರ.

ಎರಡನೆಯದು ಟ್ರಿಗರ್. ಸ್ಕೋಪಿನ ಕೂಡುಗೆರೆ ಗುರಿಯ ಮೇಲೆ ನಿಲ್ಲುವುದಿಲ್ಲ, ಯಾರಿಗೂ ನಿಲ್ಲುವುದಿಲ್ಲ. ಮಲಗಿದ ಎಂಟರಂತೆ ಸುತ್ತುತ್ತಾ ತೇಲುತ್ತದೆ. ಹೊಸಬರು ಅದು ಹಂದಿಯ ಮೈ ದಾಟುವ ಕ್ಷಣಕ್ಕೇ ಕಾದು ಟ್ರಿಗರ್ ಕೀಳುತ್ತಾರೆ. ಕಿತ್ತ ಏಟಿಗೆ ನಳಿಗೆ ಬಲಕ್ಕೆ, ಕೆಳಕ್ಕೆ ಹೋಗುತ್ತದೆ. ಬದಲಿಗೆ ತೇಲಾಟದ ವರ್ತುಲವನ್ನೇ ಚಿಕ್ಕದು ಮಾಡಿ. ಎಡ ಮೊಣಕೈಯನ್ನು ಪಕ್ಕೆಲುಬಿಗೋ ಸೊಂಟದ ಮೂಳೆಗೋ ಊರಿ, ಸೊಂಟವನ್ನು ಗುರಿಯ ಕಡೆಗೆ ತುಸು ಮುಂದೂಡಿ, ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ರೈಫಲ್‌ನ ಭಾರ ಮೂಳೆಯ ಮೇಲೆ ಕೂರಬೇಕು, ತೋಳಿನ ಮೇಲಲ್ಲ. ಉಸಿರನ್ನು ಅರ್ಧ ಬಿಟ್ಟು ತಡೆಯಿರಿ, ಟ್ರಿಗರ್ ಮೇಲೆ ಒತ್ತಡ ಹೆಚ್ಚಿಸುತ್ತಲೇ ಹೋಗಿ. ಎಂಟು ಸೆಕೆಂಡಿನೊಳಗೆ ಹೊಡೆತ ಬಿಡುಗಡೆಯಾಗದಿದ್ದರೆ ರೈಫಲ್ ಇಳಿಸಿ, ಎರಡು ಉಸಿರು ತೆಗೆದುಕೊಂಡು ಮತ್ತೆ ಎತ್ತಿ. ಇಳಿಸಲು ನಾಚಿಕೆಪಡುವವರೇ ಹೆಚ್ಚು ಕಳೆದುಕೊಳ್ಳುವುದು. ಹೊಡೆದ ಮೇಲೂ ಒಂದು ಸೆಕೆಂಡ್ ಹಾಗೇ ನೋಡುತ್ತಿರಿ. ಸ್ಪ್ರಿಂಗ್ ರೈಫಲ್‌ನಲ್ಲಿ ಪಿಸ್ಟನ್ ಮುಂದೆ ನುಗ್ಗುವಾಗ ಪೆಲೆಟ್ ಇನ್ನೂ ನಳಿಗೆಯಲ್ಲೇ ಇರುತ್ತದೆ.

ಅಂದಹಾಗೆ, ಈ ಆಟದಲ್ಲಿ ಬಿಗಿಯಾದ ಶೂಟಿಂಗ್ ಜಾಕೆಟ್ಟಿಗೆ, ತೋಳಿಗೆ ಸುತ್ತುವ ಪಟ್ಟಿಗೆ ಅವಕಾಶವಿಲ್ಲ. ಖರ್ಚೂ ಉಳಿಯಿತು.

ಪ್ರಶ್ನೆ: ನಮ್ಮದು ವೆಲ್ಡಿಂಗ್ ಶಾಪ್. ಹುಡುಗರಿಗಾಗಿ 6 ಎಂ.ಎಂ. ಎಂ.ಎಸ್. (ಮೃದು ಉಕ್ಕು) ಪ್ಲೇಟಿನಲ್ಲಿ ಗುರಿಗಳನ್ನು ಕತ್ತರಿಸಿ, ಕೆಳಗೆ 40 ಎಂ.ಎಂ. ಅಗಲದ ಪಟ್ಟಿ ಬೆಸೆದು ಕೊಟ್ಟೆ. ಟಗರಿನ ಕಾಲಿಗೆ ತಾಗಿದರೆ ಅಲುಗಾಡುತ್ತದೆ, ಬೀಳುವುದಿಲ್ಲ. ರೈಫಲ್ ಸಾಲದೆ? (ಶ್ರೀರಂಗಪಟ್ಟಣ)

ಉತ್ತರ: ರೈಫಲ್ ಸಾಕು, ನಿಮ್ಮ ಕಬ್ಬಿಣ ಜಾಸ್ತಿ. 0.547 ಗ್ರಾಂ ಪೆಲೆಟ್ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟರೆ ಅದರಲ್ಲಿ 15.8 ಜೌಲ್ ಶಕ್ತಿ. 45 ಗಜ ಮುಟ್ಟುವಾಗ ಹೆಚ್ಚುಕಡಿಮೆ ಅರ್ಧ ಉಳಿದಿರುತ್ತದೆ. ಮೈಗೆ ತಾಗಿದರೆ ಅಷ್ಟೇ ಧಾರಾಳ. ಕಾಲಿಗೆ ತಾಗಿದಾಗ ಮಾತ್ರ ಸನ್ನೆ ಸಿಗುವುದಿಲ್ಲ. ಬಾಗಿಲನ್ನು ತಿರುಗಣಿಯ ಹತ್ತಿರ ಹಿಡಿದು ತಳ್ಳಿದ ಹಾಗೆ. ಅದಕ್ಕೆ 40 ಎಂ.ಎಂ. ಪಾದ ಸೇರಿದರೆ ಗುರಿ ಹಿಂದಕ್ಕೆ ವಾಲಿ, ವಾಪಸ್ ಬಂದು ನಿಲ್ಲುತ್ತದೆ.

ಟಗರನ್ನು 3 ಎಂ.ಎಂ. ಪ್ಲೇಟಿನಲ್ಲಿ ಕತ್ತರಿಸಿ, ಪಾದ 20 ಎಂ.ಎಂ. ದಾಟದಿರಲಿ. ಕೋಳಿ ಚಿಕ್ಕದು, ಹತ್ತಿರದ್ದು, ಅದು 5 ಎಂ.ಎಂ. ಇದ್ದರೂ ನಡೆದೀತು. ಪಾದದ ತಳದಲ್ಲಿ ಬೆಸುಗೆಯ ಗಂಟು ಉಳಿದರೆ ಗುರಿ ಮೂರು ಕಾಲಿನ ಮಣೆಯಂತೆ ಕುಣಿಯುತ್ತದೆ. ಗ್ರೈಂಡರಿನಲ್ಲಿ ಸಮ ಮಾಡಿ ಗಾಜಿನ ಮೇಲಿಟ್ಟು ನೋಡಿ. ಗುರಿಗಳನ್ನು ನಿಲ್ಲಿಸುವ L ಆಕಾರದ ಕಬ್ಬಿಣದ ಆ್ಯಂಗಲ್‌ಗೆ ರಸಮಟ್ಟ ಹಿಡಿಯಿರಿ. ಹಿಂದಕ್ಕೆ ವಾಲಿದ್ದರೆ ಗಾಳಿಗೇ ಬೀಳುತ್ತದೆ, ಮುಂದಕ್ಕೆ ವಾಲಿದ್ದರೆ ಹೊಡೆದರೂ ಬೀಳದು. ಅಭ್ಯಾಸಕ್ಕಾದರೆ ಟಗರನ್ನು ಆ್ಯಂಗಲ್‌ನ ಹಿಂದಿನ ಅಂಚಿಗೆ ಸರಿಸಿಡಿ, ತಾಗಿದ್ದು ಜಾರಿ ಬೀಳುತ್ತದೆ.

ಗುರಿಗೆ ಮಂಕು ಕಪ್ಪು ಬಣ್ಣ, ಹಿಂದೆ ಸುಣ್ಣ ಬಳಿದ ಹಲಗೆ. ಹತ್ತು ಹೊಡೆತಕ್ಕೊಮ್ಮೆ ಬಣ್ಣ ಹೊಡೆದರೆ ಪೆಲೆಟ್ ಎಲ್ಲಿ ತಾಗಿತೆಂಬುದು ಬೂದು ಚುಕ್ಕೆಯಾಗಿ ಕಾಣುತ್ತದೆ. ಗುಳಿ ಬಿದ್ದ, ಅಂಚು ಮಡಚಿದ ಗುರಿಯನ್ನು ಬಳಸಲೇಬೇಡಿ. ಸೀಸ ಚಪ್ಪಟೆ ಮೈಗೆ ಬಡಿದರೆ ಅಪ್ಪಚ್ಚಿಯಾಗಿ ಕೆಳಗೆ ಬೀಳುತ್ತದೆ, ಗುಳಿಗೆ ಬಡಿದರೆ ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಹೊಡೆಯುವವರಷ್ಟೇ ಅಲ್ಲ, ನೋಡುವವರೂ ಪಾಲಿಕಾರ್ಬೊನೇಟ್ ಕನ್ನಡಕ ಹಾಕಬೇಕು. ಉಕ್ಕಿನ ಬಿಬಿ ಗುಂಡು ಉಕ್ಕಿನ ಗುರಿಗೆ ಯಾವತ್ತೂ ಬೇಡ. ಗುರಿ ಎತ್ತಿ ನಿಲ್ಲಿಸಲು ಹೋಗುವ ಮುನ್ನ ಎಲ್ಲ ರೈಫಲ್‌ಗಳ ನಳಿಗೆ ತೆರೆದು, ಮೇಜಿನ ಮೇಲಿಟ್ಟು, ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತಿರಬೇಕು.

ಪ್ರಶ್ನೆ: ಕೋಳಿ ಚೆನ್ನಾಗಿ ಬೀಳುತ್ತದೆ, ಟಗರು ಒಂದೂ ಇಲ್ಲ. ಸ್ಕೋಪ್ ತಿರುಗಿಸಿ ಸರಿಮಾಡಿದರೆ ಕೋಳಿ ತಪ್ಪುತ್ತದೆ. ಒಂದು ವಾರ ಸರಿ ಇದ್ದದ್ದು ಮುಂದಿನ ವಾರ ಕೆಡುತ್ತದೆ. (ಕುವೆಂಪುನಗರ, ಮೈಸೂರು)

ಉತ್ತರ: ಒಂದೇ ಸೆಟ್ಟಿಂಗ್‌ನಲ್ಲಿ ನಾಲ್ಕೂ ದೂರ ಹೊಡೆಯಲಾಗದು. ದೂರಕ್ಕೊಂದು ಕ್ಲಿಕ್ (ಸ್ಕೋಪಿನ ತಿರುಗಣೆಯ ಒಂದೊಂದು ಹಲ್ಲು) ಲೆಕ್ಕ ಇರುತ್ತದೆ, ಅದನ್ನು ಬರೆದಿಡಬೇಕು. ಮೊದಲು ಹೆಜ್ಜೆ ಲೆಕ್ಕ ಬಿಟ್ಟು ಟೇಪ್ ಹಿಡಿಯಿರಿ. 20 ಗಜವೆಂದರೆ 18.3 ಮೀಟರ್, 30 ಅಂದರೆ 27.4, 36 ಅಂದರೆ 32.9, 45 ಅಂದರೆ 41.1. ನಿಮ್ಮದು ಕಾಲು ಮಿನಿಟ್ (ಮಿನಿಟ್ ಎಂದರೆ ಇಲ್ಲಿ ಒಂದು ಡಿಗ್ರಿ ಕೋನದ 60ನೇ ಒಂದು ಭಾಗ) ಕ್ಲಿಕ್ಕಿನ ಸ್ಕೋಪ್ ಆಗಿದ್ದರೆ ಒಂದು ಕ್ಲಿಕ್ 20 ಗಜದಲ್ಲಿ 1.3 ಎಂ.ಎಂ. ಸರಿಸುತ್ತದೆ, 45 ಗಜದಲ್ಲಿ 3 ಎಂ.ಎಂ. ಕೋಳಿಗೆ ಸರಿ ಮಾಡಿ, ಅದನ್ನೇ ಸೊನ್ನೆ ಎಂದಿಟ್ಟುಕೊಳ್ಳಿ. 45 ಗಜದಲ್ಲಿ ಕಾಗದಕ್ಕೆ ಐದು ಹೊಡೆಯಿರಿ. ಐದರ ಗುಂಪು 36 ಎಂ.ಎಂ. ಕೆಳಗೆ ಬಿದ್ದಿದ್ದರೆ 12 ಕ್ಲಿಕ್ ಮೇಲಕ್ಕೆ. ಹೀಗೆ ನಾಲ್ಕು ಅಂಕಿ ಬರೆದು ರೈಫಲ್ ಹಿಡಿಗೆ ಅಂಟಿಸಿ. ಅಗ್ಗದ ಸ್ಕೋಪಿನಲ್ಲಿ ಹಿಂದಕ್ಕೆ ತಿರುಗಿಸುವಾಗ ಸಡಿಲ ಇರುತ್ತದೆ. ಹಾಗಾಗಿ ಬೇಕಾದ ಅಂಕಿಗಿಂತ ಐದಾರು ಕ್ಲಿಕ್ ಕೆಳಗೆ ಹೋಗಿ, ಯಾವಾಗಲೂ ಕೆಳಗಿನಿಂದಲೇ ಮೇಲಕ್ಕೆ ಬಂದು ನಿಲ್ಲಿಸಿ.

ವಾರಕ್ಕೊಮ್ಮೆ ಕೆಡುವುದಕ್ಕೆ ಮೊದಲ ಶಂಕಿತ ಸ್ಕ್ರೂ. ಸ್ಪ್ರಿಂಗ್ ರೈಫಲ್ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಒದೆಯುತ್ತದೆ. ಸ್ಕೋಪನ್ನು ಹಿಡಿದಿಡುವ ಮೌಂಟ್ ಗೂಟವಿಲ್ಲದ್ದಾದರೆ ಕೂದಲೆಳೆಯಷ್ಟು ತೆವಳುತ್ತಲೇ ಹೋಗುತ್ತದೆ. ಮೌಂಟಿನ ಹಿಂದೆ ರೈಲಿನ ಮೇಲೆ ಪೆನ್ಸಿಲ್ ಗೆರೆ ಎಳೆದಿಡಿ, ಐವತ್ತು ಹೊಡೆತದ ನಂತರ ನೋಡಿ. ಹಿಡಿಯ ಸ್ಕ್ರೂಗಳನ್ನೂ ಬಿಗಿಮಾಡಿ. ಮಾಮೂಲಿ ಬಂದೂಕಿನ ಸ್ಕೋಪ್ ಹಾಕಿದ್ದರೆ ಈ ಎರಡು ಕಡೆಯ ಒದೆತಕ್ಕೆ ಒಳಗಿನ ಗಾಜೇ ಸಡಿಲವಾಗಿರಬಹುದು. ಏರ್‌ಗನ್‌ಗೆಂದೇ ಮಾಡಿದ, 10 ಮೀಟರ್‌ವರೆಗೆ ಪ್ಯಾರಲಾಕ್ಸ್ (ಕಣ್ಣು ಅಲುಗಿದರೆ ಕೂಡುಗೆರೆ ಸರಿದಂತೆ ಕಾಣುವ ದೋಷ) ಸರಿಮಾಡಬಲ್ಲ ಸ್ಕೋಪ್ ಬೇಕು.

ಎರಡನೇ ಶಂಕಿತ ಎಣ್ಣೆ. ನಳಿಗೆಯ ಬಾಯಿಗೆ ಎಣ್ಣೆ ಬಿಟ್ಟರೆ ಒತ್ತಡಕ್ಕೆ ಅದು ಹೊತ್ತಿ ಹೊಗೆಯಾಡುತ್ತದೆ, ಪೆಲೆಟ್ ಹೆಚ್ಚಿನ ವೇಗದಲ್ಲಿ ಹೊರಟು ಮೇಲೆ ಹೋಗುತ್ತದೆ, ಸೀಲ್ ಹಾಳಾಗುತ್ತದೆ. ಮೂರನೆಯದು, ಮೇಜಿಗೆ ಊರಿ ಸ್ಕೋಪ್ ಹೊಂದಿಸಿ, ನಿಂತು ಹೊಡೆಯುವುದು. ಗಟ್ಟಿ ಮೇಜಿನಿಂದ ಸ್ಪ್ರಿಂಗ್ ರೈಫಲ್ ಪುಟಿಯುವ ರೀತಿಯೇ ಬೇರೆ. ಕೊನೆಯ ಹೊಂದಾಣಿಕೆ ಅಂಗೈ ಮೇಲೆ ಸಡಿಲವಾಗಿ ಇಟ್ಟುಕೊಂಡೇ ಆಗಲಿ, ಕೈ ಪ್ರತಿಸಲ ಅದೇ ಜಾಗದಲ್ಲಿರಲಿ.

ಪೆಲೆಟ್‌ಗೆ ದುಂಡು ಮೂತಿಯದೇ ತೆಗೆದುಕೊಳ್ಳಿ. ಚಪ್ಪಟೆ ಮೂತಿ 10 ಮೀಟರಿನ ಕಾಗದಕ್ಕೆ ಚೆನ್ನ, 45 ಗಜಕ್ಕೆ ಗಾಳಿಯಲ್ಲಿ ಸೊರಗುತ್ತದೆ. ಡಬ್ಬಿಯಿಂದ ತೆಗೆದಾಗ ಬುಡದ ಲಂಗ ಸೊಟ್ಟಗಿದ್ದದ್ದನ್ನು ಪಕ್ಕಕ್ಕಿಡಿ.

ಪ್ರಶ್ನೆ: ಆಷಾಢದಲ್ಲಿ ನಮ್ಮ ಕಡೆ ಗಾಳಿ ವಿಪರೀತ. ಆ ತಿಂಗಳು ಅಭ್ಯಾಸ ನಿಲ್ಲಿಸಬೇಕೆ? (ಕೆ.ಆರ್. ಪೇಟೆ)

ಉತ್ತರ: ನಿಲ್ಲಿಸಬೇಡಿ, ಕಲಿಯುವ ತಿಂಗಳೇ ಅದು. ಅಡ್ಡಗಾಳಿ ಗಂಟೆಗೆ 10 ಕಿ.ಮೀ. ಇದ್ದರೆ ಮೇಲೆ ಹೇಳಿದ ಪೆಲೆಟ್ ಕೋಳಿಯ ದೂರದಲ್ಲಿ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ಸರಿಯುತ್ತದೆ, ಟಗರಿನ ದೂರದಲ್ಲಿ ಸುಮಾರು 7 ಸೆಂ.ಮೀ. ಅಂದರೆ ಟಗರಿನ ಎದೆಗೆ ಇಟ್ಟದ್ದು ಬಾಲದ ಹಿಂದೆ ಹೋಗಬಹುದು. ಅರ್ಧ ದಾರಿಯಲ್ಲಿ ಒಂದು ಕೋಲಿಗೆ ಉಲ್ಲನ್ ದಾರ ಕಟ್ಟಿ. ದೂರದ ತೆಂಗಿನ ಗರಿ ನೋಡಿ ಮೋಸಹೋಗಬೇಡಿ, ಅದು ಮೂವತ್ತು ಅಡಿ ಮೇಲಿನ ಗಾಳಿ ಹೇಳುತ್ತದೆ. ದಾರ ಇಳಿದಾಗ ಹೊಡೆಯಿರಿ. 30 ಸೆಕೆಂಡ್ ಇರುವುದು ಇದಕ್ಕೂ ಹೌದು. ಗಾಳಿಗೆ ತಾನೇ ಬಿದ್ದ ಗುರಿಗೆ ಅಂಕ ಕೇಳಬೇಡಿ, ಮತ್ತೆ ನಿಲ್ಲಿಸುತ್ತಾರೆ.

ಪ್ರಶ್ನೆ: ಮಗಳಿಗೆ 14 ವರ್ಷ, ಅಪ್ಪನ ಜೊತೆ ಹೊಡೆಯಲು ಹೋಗುತ್ತಾಳೆ. ಸೀಸ ವಿಷವಂತಲ್ಲ? (ಒಬ್ಬ ತಾಯಿ, ಮೈಸೂರು)

ಉತ್ತರ: ಹೌದು, ವಿಷ. ಕೆಲವರಿಗೆ ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಂಡು ತುಂಬುವ ಕೆಟ್ಟ ಚಾಳಿ ಇದೆ, ಅದನ್ನು ಮೊದಲ ದಿನವೇ ಬಿಡಿಸಿ. ಬೆರಳಿಗೆ ಹತ್ತಿದ ಬೂದುಬಣ್ಣ ಸೋಪು ಹಾಕಿ ಉಜ್ಜಿದರೇ ಹೋಗುವುದು. ಮುದ್ದೆ ಮುರಿಯುವ ಕೈ ಅದು, ಉಗುರಿನ ಸಂದಿಯನ್ನೂ ತೊಳೆಯಲಿ. ಅಪ್ಪಚ್ಚಿಯಾದ ಪೆಲೆಟ್‌ಗಳನ್ನು ಬರಿಗೈಲಿ ಬಾಚದೆ ಗುರಿಯ ಕೆಳಗೆ ತಗಡಿನ ತಟ್ಟೆ ಇಟ್ಟು ಡಬ್ಬಿಗೆ ಸುರಿಯಿರಿ, ಪೊರಕೆಯಿಂದ ಒಣಗುಡಿಸಿ ಧೂಳೆಬ್ಬಿಸಬೇಡಿ. ರೈಫಲ್ ತೂಕ ಅವಳಿಗೆ ಹೆಚ್ಚಾದರೆ ಬೆನ್ನು ನೋಯುತ್ತದೆ. ಹತ್ತು ಹೊಡೆತಕ್ಕೊಮ್ಮೆ ಐದು ನಿಮಿಷ ಕೂರಿಸಿ.

ಪ್ರಶ್ನೆ: ನಮ್ಮ ಜಮೀನಿನಲ್ಲೇ ಸಾಲು ಹಾಕಬೇಕೆಂದಿದ್ದೇವೆ. ಹಿಂದೆ ಆಳೆತ್ತರ ಬೆಳೆದ ಕಬ್ಬಿದೆ, ಗುಂಡು ದಾಟುವುದಿಲ್ಲ. ಸರಿಯಲ್ಲವೇ? (ಮದ್ದೂರು)

ಉತ್ತರ: ಸರಿಯಲ್ಲ. ಕಬ್ಬು ಮರೆ ಮಾಡುತ್ತದೆ, ತಡೆಯುವುದಿಲ್ಲ. ಒಳಗೆ ಸೋಗೆ ತರಿಯುವವರಿರಬಹುದು, ನೀರು ತಿರುಗಿಸಲು ಬಂದವರಿರಬಹುದು, ನಿಮಗೆ ಕಾಣಿಸುವುದಿಲ್ಲ. ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ. ಆಳೆತ್ತರಕ್ಕಿಂತ ಎತ್ತರದ ಮಣ್ಣಿನ ದಿಬ್ಬ ಬೇಕು, ಮೇಲಿನ ಒಂದಡಿ ಮಣ್ಣು ಜರಡಿ ಹಿಡಿದು ಕಲ್ಲು ತೆಗೆದದ್ದಾಗಿರಬೇಕು. ದಿಬ್ಬದ ಹಿಂದೆ ನಾಲೆ ಏರಿ, ಕಾಲುದಾರಿ ಇದ್ದರೆ ಆ ದಿಕ್ಕೇ ಬೇಡ. ನಾಲ್ಕು ಜನ ಸೇರಿಸಿ ಪಂದ್ಯ ನಡೆಸುವುದಾದರೆ ಪೊಲೀಸ್ ಠಾಣೆಗೆ ಮೊದಲೇ ಬರೆದು ತಿಳಿಸಿ. ಸಾಲಿನ ಎರಡೂ ತುದಿಗೆ ಕೆಂಪು ಬಾವುಟ ನೆಡಿ. ಗುರಿಯ ಆ್ಯಂಗಲ್ ಮೇಲೆ ಹಕ್ಕಿ ಬಂದು ಕೂತರೆ ಅದು ಹಾರುವವರೆಗೆ ಎಲ್ಲರ ರೈಫಲ್ ಕೆಳಗಿರಲಿ. ಆಟ ಇರುವುದು ಕಬ್ಬಿಣದ ಕೋಳಿಗೆ.